ಚಕ್ರದಡಿಗೆ ನಾಲ್ಕು, ಬದುವಿನ ಮೇಲೆ ಸೊನ್ನೆ

ಆಯುಧಪೂಜೆ ದಿನ ಅಮೃತೂರಿನ ಬೀದಿಯಲ್ಲಿ ಒಂದು ಸುತ್ತು ಹೊಡೀರಿ, ನಮಗೂ ನಿಂಬೆಹಣ್ಣಿಗೂ ಇರೋ ನಂಟು ಎಂಥಾದ್ದು ಅಂತ ಗೊತ್ತಾಗುತ್ತೆ. ಬೈಕಿಗೆ ಎರಡು, ಕಾರಿಗೆ ನಾಲ್ಕು, ಟ್ರ್ಯಾಕ್ಟರಿಗೆ ನಾಲ್ಕು, ಹಿಂದೆ ಟ್ರೈಲರ್ ಇದ್ದರೆ ಇನ್ನೆರಡು. ಜೆಸಿಬಿ ಇಟ್ಟುಕೊಂಡೋರು ಚಕ್ರದ ಲೆಕ್ಕ ಮುಗಿಸಿ ಬಕೆಟ್ಟಿನ ಹಲ್ಲಿಗೂ ಒಂದೊಂದು ಚುಚ್ಚುತ್ತಾರೆ. ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಗೆ ಒಂದು, ಹಿಟ್ಟಿನ ಗಿರಣಿಗೆ ಒಂದು, ಅಂಗಡಿ ಬಾಗಿಲಿಗೆ ಹಸಿಮೆಣಸಿನಕಾಯಿ ಜೊತೆ ಪೋಣಿಸಿದ್ದು ಒಂದು. ಗಾಡಿಗಳು ಒಂದೊಂದಾಗಿ ಮುಂದಕ್ಕೆ ಹೋಗ್ತಾ ಇದ್ದ ಹಾಗೆ ಬೀದಿ ತುಂಬಾ ರಸ, ಸಿಪ್ಪೆ, ಬೀಜ.

ಈಗ ಇನ್ನೊಂದು ಲೆಕ್ಕ ಹಾಕಿ. ಅವತ್ತು ಜಜ್ಜಿಹೋದ ಹಣ್ಣಿನಲ್ಲಿ ಅಮೃತೂರು ಹೋಬಳಿ ಮಣ್ಣಲ್ಲಿ ಬೆಳೆದದ್ದು ಎಷ್ಟು? ರಾಶಿ ಹಾಕ್ಕೊಂಡು ಕೂತೋರನ್ನೇ ಕೇಳಿ ನೋಡಿ. ‘ಬೆಂಗ್ಳೂರು ಮಾರ್ಕೆಟ್ ಮಾಲು ಕಣಣ್ಣ’ ಅಂತಾರೆ. ಬೆಂಗಳೂರಿಗೆ ಎಲ್ಲಿಂದ ಬಂತು? ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ, ಇಲ್ಲಾ ಆಂಧ್ರದ ಗೂಡೂರು ಕಡೆಯಿಂದ. ಪಕ್ಕದಲ್ಲೇ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಡ್ಯಾಂ ಇದೆ, ನಾಲೆ ಇದೆ, ತೆಂಗಿನ ತೋಟ ಇದೆ, ಕೆಮ್ಮಣ್ಣಿದೆ. ಆದರೂ ಚಕ್ರದಡಿಗೆ ಇಡೋ ನಿಂಬೆಹಣ್ಣು ನೂರಾರು ಮೈಲಿ ಲಾರಿ ಹತ್ತಿ ಬರಬೇಕು.

ಮೂಢನಂಬಿಕೆ ಅಂತ ಬೈಯೋಕೆ ಹೊರಟಿಲ್ಲ ಮಾರಾಯ್ರೇ. ಅದಕ್ಕೆ ಬೇರೆ ಜನ ಇದ್ದಾರೆ. 2019ರ ವಿಜಯದಶಮಿ ದಿನ ಫ್ರಾನ್ಸಿನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅವರು ರಫೇಲ್ ವಿಮಾನದ ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗ ದೇಶವೆಲ್ಲ ವಾರಗಟ್ಟಲೆ ಜಗಳ ಆಡಿತು. ಇಟ್ಟದ್ದು ಸರಿ ಅನ್ನೋರು ಒಂದು ಕಡೆ, ತಪ್ಪು ಅನ್ನೋರು ಇನ್ನೊಂದು ಕಡೆ. ಆ ಹಣ್ಣು ಬೆಳೆದವನಿಗೆ ಎಷ್ಟು ಸಿಕ್ಕಿತು ಅಂತ ಕೇಳಿದೋರು ಎರಡೂ ಕಡೆ ಕಾಣಲಿಲ್ಲ. ನನ್ನ ತಕರಾರು ಅಲ್ಲಿಂದ ಶುರು. ನಿಂಬೆ ನಮಗೆ ಶಕುನ, ದೃಷ್ಟಿ, ಮಾಟ, ರಾಜಕಾರಣಿಗಳ ಬಗ್ಗೆ ಜೋಕು ಮಾಡೋಕೆ ಒಂದು ವಸ್ತು. ಅದೊಂದು ಬೆಳೆ ಅನ್ನೋದು ಮಾತ್ರ ಮರೆತುಹೋಗಿದೆ. ನೆನಪಾದಾಗ ಆಗೋದು ಇನ್ನೂ ದೊಡ್ಡ ಅನಾಹುತ: ಅದನ್ನ ಲಾಟರಿ ಟಿಕೆಟ್ಟು ಅಂದುಕೊಂಡು ನಾಲ್ಕು ಎಕರೆಗೆ ಒಟ್ಟಿಗೇ ನೆಟ್ಟುಬಿಡ್ತೀವಿ. ಕಿತ್ತು ಬಿಸಾಕೋದು, ಇಲ್ಲಾ ಹೊಲ ಪೂರ್ತಿ ತುಂಬೋದು. ಇವೆರಡರ ನಡುವೆ ನಿಂಬೆಗೆ ಒಂದು ನ್ಯಾಯವಾದ ಜಾಗ ಇತ್ತು. ಅದು ಬದು. ಅದನ್ನ ವಾಪಸ್ ಕೊಡಿ ಅನ್ನೋದೇ ಈ ಬರಹ.

ಹಳೇ ಮನೆಗಳ ಹಿತ್ತಲು ಹೇಗಿರ್ತಿತ್ತು? ಬಚ್ಚಲ ನೀರು ಹರಿಯೋ ಕಡೆ ಒಂದು ಬಾಳೆ ಗುಂಪು, ಅದರಾಚೆ ಒಂದು ನಿಂಬೆ ಗಿಡ. ತೋಟದ ಮೂಲೇಲಿ ಒಂದು ಹೇರಳೆ. ಯಾರೂ ನೀರು ಹಾಕಿದ್ದು, ಗೊಬ್ಬರ ಹಾಕಿದ್ದು ಇಲ್ಲ. ಆದರೂ ಬಾಡೂಟದ ದಿನ ಈರುಳ್ಳಿ ಜೊತೆಗೆ ಹೋಳು, ಬೇಸಿಗೇಲಿ ಪಾನಕ, ಜ್ವರ ಬಿಟ್ಟ ಬಾಯಿಗೆ ಗಂಜಿ ಜೊತೆ ನಂಜಿಕೊಳ್ಳೋಕೆ ಉಪ್ಪಿನಕಾಯಿ, ಎಲ್ಲಾ ಅದೇ ಗಿಡದ್ದು. ದೊಡ್ಡೋರನ್ನ ನೋಡೋಕೆ ಹೋಗುವಾಗ ಬರಿಗೈಲಿ ಹೋಗಬಾರದು ಅಂತ ಕೈಗೊಂದು ನಿಂಬೆಹಣ್ಣು ಕೊಡೋ ಪದ್ಧತಿ ಇತ್ತು. ಅಮಲ್ದಾರರಿಗೂ ಅದೇ, ಸ್ವಾಮಿಗಳಿಗೂ ಅದೇ. (ಈಗ ಕಚೇರಿಗೆ ನಿಂಬೆಹಣ್ಣು ತಗೊಂಡು ಹೋಗಿ ನೋಡಿ, ‘ಇದೊಂದೇನಾ?’ ಅಂತಾರೆ.) ಬಡವನೂ ಮರ್ಯಾದೆಯಿಂದ ಕೊಡಬಹುದಾಗಿದ್ದ ಹಣ್ಣು ಅದು, ಯಾಕಂದ್ರೆ ಅವನ ಹಿತ್ತಲಲ್ಲೂ ಒಂದು ಗಿಡ ಇತ್ತು.

ಆ ಹಿತ್ತಲಿಗೆ ಸಿಮೆಂಟು ಬಿತ್ತು. ಬದುವಿಗೆ ಜೆಸಿಬಿ ಬಂತು. ಬದು ಕಿರಿದಾದಷ್ಟೂ ಅಡಿಕೆ ಸಾಲು ಒಂದು ಜಾಸ್ತಿ ಅನ್ನೋ ಲೆಕ್ಕ. ರಾಗಿ ಹೊಲ ಅಡಿಕೆ ಆಯ್ತು, ಭತ್ತದ ಗದ್ದೆ ಅಡಿಕೆ ಆಯ್ತು, ತೆಂಗಿನ ನಡುವೆ ಅಡಿಕೆ ಬಂತು. ಅಡಿಕೆ ಹಾಕಬೇಡಿ ಅಂದ್ರೆ ಹೊಡೆಯೋಕೆ ಬರ್ತಾರೆ, ಇರಲಿ. ಲೆಕ್ಕ ಮಾತ್ರ ಕೇಳಿ. 2.7 ಮೀಟರ್ ಅಂತರದಲ್ಲಿ ಹಾಕಿದರೆ ಎಕರೆಗೆ ಸುಮಾರು 550 ಅಡಿಕೆ. ಬೇಸಿಗೇಲಿ ಡ್ರಿಪ್ ಇಟ್ಟರೂ ಒಂದು ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ಅಂದರೆ ಎಕರೆಗೆ ದಿನಕ್ಕೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಅಷ್ಟು ನೀರು ಕೊಡೋ ಬೋರು ಬತ್ತಿದ ದಿನ, ಬದುವಿನ ಮೇಲೆ ಬೇರೆ ಏನೂ ಇಲ್ಲದವನ ಕೈಲಿ ಏನಿರುತ್ತೆ? ‘ಹಿತ್ತಲ ಗಿಡ ಮದ್ದಲ್ಲ’ ಅಂತ ಗಾದೆ ಮಾಡಿದೋರು ನಮ್ಮನ್ನ ನೋಡೇ ಮಾಡಿರಬೇಕು. ಈಗಂತೂ ಮದ್ದೂ ಇಲ್ಲ, ಗಿಡವೂ ಇಲ್ಲ, ಹಿತ್ತಲೂ ಇಲ್ಲ.

ಇದು ಕಿತ್ತು ಬಿಸಾಕಿದೋರ ಕತೆ. ಇನ್ನು ಹೊಲ ತುಂಬಾ ನೆಟ್ಟೋರ ಕತೆಗೆ ಬರೋಣ. ಅದಕ್ಕೆ ಮುಂಚೆ ಹೆಸರಿನ ಗೊಂದಲ ಒಂದಿಷ್ಟು ಬಿಡಿಸಬೇಕು, ಯಾಕಂದ್ರೆ ಮೋಸ ಆಗೋದೇ ಹೆಸರಿನಲ್ಲಿ.

ನಾವು ನಿಂಬೆ ಅನ್ನೋದು, ಉತ್ತರ ಕರ್ನಾಟಕದವರು ಲಿಂಬೆ ಅನ್ನೋದು ಇಂಗ್ಲಿಷಿನವರ ಲೆಮನ್ ಅಲ್ಲ. ಅವರ ಲೆಮನ್ ಉದ್ದಕ್ಕೆ, ದಪ್ಪ ಸಿಪ್ಪೆ, ತುದಿಯಲ್ಲಿ ತೊಟ್ಟಿನ ಹಾಗೆ ಚೂಪು. ನಮ್ಮದು ಗುಂಡಗೆ, ತೆಳು ಸಿಪ್ಪೆ. ಕಾಗದದಂಥ ಸಿಪ್ಪೆ ಅಂತಲೇ ಉತ್ತರದವರು ಅದನ್ನ ಕಾಗ್ಜಿ ಅಂದರು. ಇಂಗ್ಲಿಷಿನಲ್ಲಿ ಅದು ಲೈಮ್. ನಿಂಬೂ, ಲಿಂಬೆ, ಪಾರಸಿಯ ಲೀಮೂ, ಅರಬ್ಬಿಯ ಲೈಮೂನ್, ಲೆಮನ್, ಲೈಮ್ ಎಲ್ಲಾ ಒಂದೇ ದಾರಿಯಲ್ಲಿ ನಡೆದುಹೋದ ಮಾತುಗಳು. ಹಣ್ಣು ಮಾತ್ರ ಬೇರೆ ಬೇರೆ. ಈ ಇಡೀ ವಂಶ ಹುಟ್ಟಿದ್ದು ಹಿಮಾಲಯದ ಆಗ್ನೇಯ ತಪ್ಪಲಲ್ಲಿ, ನಮ್ಮ ಅಸ್ಸಾಮಿನ ಆಸುಪಾಸಲ್ಲಿ ಅಂತ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಜೀನೋಮ್ ಅಧ್ಯಯನ ಹೇಳಿತು. ಅಪ್ಪಟ ಮೂಲದವರಲ್ಲಿ ಮೂವರು ನಮಗೆ ಪರಿಚಯದೋರೇ: ಮಾದಲ, ಚಕ್ಕೋತ, ಕಿತ್ತಳೆ. ಲೆಮನ್‌ಗೂ ಮಾದಲವೇ ಅಪ್ಪ, ನಮ್ಮ ನಿಂಬೆಗೂ ಮಾದಲವೇ ಅಪ್ಪ, ಅವ್ವಂದಿರು ಬೇರೆ. ಕೊಲ್ಹಾಪುರದ ಮಹಾಲಕ್ಷ್ಮಿ ಕೈಯಲ್ಲಿ ಇರೋ ಹಣ್ಣೂ ಇದೇ ಮಾದಲ, ಸಂಸ್ಕೃತದ ಮಾತುಲುಂಗ.

‘ಎಲ್ಲಾ ಹುಳಿ ತಾನೇ, ಹೆಸರಲ್ಲೇನಿದೆ’ ಅನ್ನೋರಿಗೆ ಬ್ರಿಟಿಷ್ ನೌಕಾಪಡೆ ಕತೆ ಹೇಳ್ತೀನಿ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ನಾವಿಕರಿಗೆ ಸ್ಕರ್ವಿ ರೋಗ ಬರ್ತಿತ್ತು. ವಸಡು ಕೊಳೆತು, ಹಲ್ಲು ಉದುರಿ, ಹಳೇ ಗಾಯಗಳು ಮತ್ತೆ ಬಾಯಿಬಿಟ್ಟು ಸಾಯ್ತಿದ್ರು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ವೈದ್ಯ 12 ಜನ ರೋಗಿಗಳನ್ನ ಇಬ್ಬಿಬ್ಬರಾಗಿ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟ. ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್ ತಿಂದ ಇಬ್ಬರು ವಾರದೊಳಗೇ ಚೇತರಿಸಿಕೊಂಡರು. ಆದರೂ ನೌಕಾಪಡೆ ಎಲ್ಲರಿಗೂ ಲೆಮನ್ ರಸ ಕೊಡೋ ತೀರ್ಮಾನ ಮಾಡಿದ್ದು 1795ರಲ್ಲಿ. ಸರ್ಕಾರಿ ಕಡತ ಅವತ್ತೂ ಹಾಗೇ! ಸ್ಕರ್ವಿ ಹೋಯ್ತು. ಆಮೇಲೆ 19ನೇ ಶತಮಾನದಲ್ಲಿ ಒಂದು ಜಾಣತನ ಮಾಡಿದ್ರು: ಹೊರದೇಶದ ಲೆಮನ್ ಯಾಕೆ, ನಮ್ಮದೇ ವಸಾಹತು ವೆಸ್ಟ್ ಇಂಡೀಸಿನ ಲೈಮ್ ಇದೆಯಲ್ಲ, ಎರಡೂ ಹುಳಿ ತಾನೇ ಅಂತ. ಆದರೆ ಲೈಮಿನ ರಸದಲ್ಲಿ ಸಿ ಜೀವಸತ್ವ ಕಮ್ಮಿ. ಕಾಯಿಸಿ, ಇಟ್ಟು, ಸಾಗಿಸುವಾಗ ಇದ್ದದ್ದೂ ಹೋಗ್ತಿತ್ತು. 1875ರಲ್ಲಿ ಉತ್ತರ ಧ್ರುವದ ಕಡೆ ಹೊರಟ ನೇರ್ಸ್ ತಂಡಕ್ಕೆ ಮತ್ತೆ ಸ್ಕರ್ವಿ ಅಮರಿಕೊಂಡಿತು. ಗೊತ್ತಿದ್ದ ಮದ್ದನ್ನ ಒಂದು ಸಾಮ್ರಾಜ್ಯ ಕಳ್ಕೊಂಡಿದ್ದು, ತಳಿ ಯಾವುದು ಅಂತ ಕೇಳದೇ ಇದ್ದದ್ದಕ್ಕೆ.

ನಮ್ಮ ರೈತ ಇವತ್ತು ನರ್ಸರಿ ಮುಂದೆ ನಿಂತು ಮಾಡ್ತಿರೋದೂ ಅದೇ. ‘ನಿಂಬೆ ಸಸಿ ಕೊಡಿ’ ಅಂತಾನೆ. ಅವರು ಕೊಡ್ತಾರೆ. ಕಾಗ್ಜಿಯೋ, ತಿರುಪತಿ ಕಡೆಯ ಬಾಲಾಜಿಯೋ, ರಾಹುರಿ ಕೃಷಿ ವಿಶ್ವವಿದ್ಯಾಲಯದ ಸಾಯಿ ಶರಬತಿಯೋ, ಪೆರಿಯಕುಳಂನ ಪಿಕೆಎಂ-1 ತಳಿಯೋ ಕೇಳೋರಿಲ್ಲ, ಹೇಳೋರಿಲ್ಲ. ಬೀಜದ ಸಸಿಯೋ ಕಸಿಯೋ, ಕಸಿ ಆದ್ರೆ ಬೇರಿನ ಗಿಡ ಯಾವುದು, ತಾಯಿಮರಕ್ಕೆ ರೋಗ ಇತ್ತೋ ಇಲ್ವೋ, ಒಂದೂ ಚೀಟಿ ಇಲ್ಲ. ಐವತ್ತು ರೂಪಾಯಿ ಬೆಂಕಿಪೊಟ್ಟಣದ ಬಂಡಲ್ಲಿಗೂ ಲೇಬಲ್ ಇರುತ್ತೆ ಸ್ವಾಮಿ. ಹತ್ತಾರು ವರ್ಷ ಬದುಕೋ ಗಿಡಕ್ಕೆ ಇಲ್ಲ. ನಮ್ಮ ಕಡೆಯೇ ಒಬ್ಬರು ‘ವರ್ಷವಿಡೀ ಬಿಡೋ ಸೀಡ್‌ಲೆಸ್ಸು’ ಅಂತ ಕೊಂಡುಬಂದು ಹಾಕಿದ್ರು. ಕಾಯಿ ಬಂತು, ದಪ್ಪಗೆ, ಹಸಿರಾಗಿ, ಬೀಜ ಇಲ್ಲದೇ. ಅದು ತಾಹಿತಿ ಲೈಮ್ ಅನ್ನೋ ಬೇರೆಯದೇ ಜಾತಿ. ಕೆಟ್ಟ ಹಣ್ಣೇನಲ್ಲ, ದೊಡ್ಡ ಊರಿನ ಹೋಟೆಲಿನೋರು ಕೇಳ್ತಾರೆ. ಆದರೆ ಸಂತೇಲಿ ನಮ್ಮ ಅವ್ವಂದಿರು ಹೆಬ್ಬೆರಳಲ್ಲಿ ಒತ್ತಿ, ಮೂಸಿ ನೋಡಿ, ‘ಇದು ನಿಂಬೆಣ್ಣಲ್ಲ ಬುಡಪ್ಪ’ ಅಂತ ಮುಂದಕ್ಕೆ ಹೋದ್ರು. ನರ್ಸರಿಯೋನ ದುಡ್ಡು ಅವತ್ತೇ ಅವನ ಜೇಬು ಸೇರಿತ್ತು.

ಇದಕ್ಕೆ ತುಪ್ಪ ಸುರಿಯೋರು ಮೊಬೈಲ್ ವಿಡಿಯೋದೋರು. ‘ಎಕರೆಗೆ ಹತ್ತು ಲಕ್ಷ! ನಿಂಬೆಯಿಂದ ಕೋಟ್ಯಧಿಪತಿ!’ ವಿಡಿಯೋ ತೆಗೆಯೋದು ಯಾವ ತಿಂಗಳು ಗೊತ್ತಾ? ಏಪ್ರಿಲ್ಲು. ಅದೇ ತೋಟಕ್ಕೆ ಜುಲೈಲಿ ಕ್ಯಾಮೆರಾ ತಗೊಂಡು ಹೋಗಲಿ ನೋಡೋಣ. ನಿಂಬೆಗೆ ವರ್ಷದಲ್ಲಿ ಮೂರು ಹೂವಿನ ಕಾಲ. ಜನವರಿ–ಫೆಬ್ರವರಿ ಹೂವು ಮಳೆಗಾಲಕ್ಕೆ ಹಣ್ಣಾಗುತ್ತೆ, ಜೂನ್–ಜುಲೈ ಹೂವು ಚಳಿಗಾಲಕ್ಕೆ, ಸೆಪ್ಟೆಂಬರ್–ಅಕ್ಟೋಬರ್ ಹೂವು ಬೇಸಿಗೆಗೆ. ಹೂವಿಂದ ಹಣ್ಣಿಗೆ ಐದಾರು ತಿಂಗಳು. ಮಳೆಗಾಲದ ಹಣ್ಣೇ ಜಾಸ್ತಿ, ಆಗ ಕೇಳೋರೇ ಕಮ್ಮಿ; ಮೂಟೆಗೆ ಸಿಗೋ ದುಡ್ಡು ಕೀಳೋ ಕೂಲಿಗೂ ಸಾಲಲ್ಲ. ಬೇಸಿಗೆಯ ಹಣ್ಣಿಗೆ ಬೆಲೆ ಇದೆ, ಆದರೆ ಅದಕ್ಕೆ ಮಳೆ ನಿಲ್ಲೋ ಹೊತ್ತಿಗೆ ಗಿಡಕ್ಕೆ ನೀರು ತಪ್ಪಿಸಿ, ಬಾಡಿಸಿ, ಹೂವಿಗೆ ತರಬೇಕು. ಆಗಲೇ ಮಳೆ ಹಿಡಿದರೆ ಹೂವೇ ಬರಲ್ಲ. 2021ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಆಗಿದ್ದು ಅದೇ. ಮೇಲೆ 2022ರ ಮಾರ್ಚಿನ ಬಿಸಿಲಿಗೆ ಈಚುಗಳೂ ಉದುರಿದವು. ಆ ಏಪ್ರಿಲ್‌ನಲ್ಲಿ ಒಂದು ನಿಂಬೆಹಣ್ಣು ಹತ್ತು ರೂಪಾಯಿ ದಾಟಿ, ಕೆಲವು ಊರಲ್ಲಿ ಕೆಜಿಗೆ 300 ಆಗಿ, ಟೀವಿಯಲ್ಲೆಲ್ಲ ನಿಂಬೆಯದೇ ಸುದ್ದಿ. ಬೆಲೆ ಏರಿದ್ದು ಯಾಕೆ? ರೈತನ ಹತ್ತಿರ ಹಣ್ಣೇ ಇರಲಿಲ್ಲ, ಅದಕ್ಕೆ! ಆ ಬೆಲೆ ನೋಡಿ ಸಸಿ ನೆಟ್ಟೋರ ಗಿಡ ಫಲಕ್ಕೆ ಬರೋಕೆ ಮೂರರಿಂದ ಐದು ವರ್ಷ ಬೇಕು. ಹೋದ ಬಸ್ಸಿಗೆ ಕೈ ತೋರಿಸಿದ ಹಾಗೆ.

‘ಮತ್ತೆ ಇಂಡಿಯೋರು ಬೆಳೀತಾರಲ್ಲ?’ ಅಂತೀರ. ಬೆಳೀತಾರೆ, ಭೇಷಾಗಿ ಬೆಳೀತಾರೆ. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಬಂತು, 2025ರಲ್ಲಿ ಹೊರದೇಶಕ್ಕೂ ಹೋಯ್ತು. ಅವರದ್ದು ಒಣ ಹವೆ. ಕಜ್ಜಿ ರೋಗಕ್ಕೆ ಬೇಕಾದ ತೇವ ನಮಗಿಂತ ಕಮ್ಮಿ. ಲಿಂಬೆ ಅಂದರೆ ಏನು ಅಂತ ಗೊತ್ತಿರೋ ಮಾರುಕಟ್ಟೆ ಇದೆ, ಲಿಂಬೆ ಅಭಿವೃದ್ಧಿ ಮಂಡಳಿ ಅಲ್ಲೇ ಇದೆ, ಗಿಡ ಬಾಡಿಸೋ ಹದ ತಲೆಮಾರಿಂದ ಕೈಗೆ ಬಂದಿದೆ. ಇಷ್ಟೆಲ್ಲಾ ಇದ್ದೂ ಮಳೆಗಾಲದಲ್ಲಿ ಅವರೇ ಬೆಲೆ ಇಲ್ಲದೆ ಒದ್ದಾಡ್ತಾರೆ. ಇದ್ಯಾವುದೂ ಇಲ್ಲದ ಅಮೃತೂರಿನೋನು ನಾಲ್ಕು ಎಕರೆ ಹಾಕಿ ಯಾರಿಗೆ ಮಾರೋಣ ಅಂತ? ಅತಿ ಆಸೆ ಗತಿಗೇಡು.

ಬದುವಿನ ಮೇಲಿನ ಹತ್ತು ಗಿಡದ ಲೆಕ್ಕ ಬೇರೆ. ನಿಂಬೆಗೆ ನೀರೇ ಬೇಡ ಅಂತ ನಾನು ಸುಳ್ಳು ಹೇಳಲ್ಲ, ಬೇಸಿಗೇಲಿ ಬೇಕು. ಆದರೆ ತೆಂಗಿಗೋ ಅಡಿಕೆಗೋ ಹಾಯಿಸೋ ನೀರಿನ ಪಕ್ಕದಲ್ಲೇ ಬದು ಇರುತ್ತಲ್ಲ, ಹತ್ತು ಗಿಡಕ್ಕೆ ಬೇರೆ ಬೋರು ಕೊರೆಸಬೇಕಾಗಿಲ್ಲ. ಚೆನ್ನಾಗಿ ನೋಡಿಕೊಂಡ ಗಿಡ ವರ್ಷಕ್ಕೆ ಸಾವಿರದ ಹತ್ತಿರ ಕಾಯಿ ಬಿಡುತ್ತೆ. ಅರ್ಧ ಅಂತಲೇ ಹಿಡೀರಿ. ಹತ್ತು ಗಿಡಕ್ಕೆ ಐದು ಸಾವಿರ ಹಣ್ಣು. ಒಂದಕ್ಕೆ ಒಂದೇ ರೂಪಾಯಿ ಅಂದ್ರೂ ಐದು ಸಾವಿರ ರೂಪಾಯಿ. ಕೋಟ್ಯಧಿಪತಿ ಆಗಲ್ಲ, ಹೌದು. ಆದರೆ ಈ ದುಡ್ಡು ಬರೋದು ಸಂತೆ ಸಂತೆಗೂ, ಚೀಲದಲ್ಲಿ, ಮನೆ ಹೆಂಗಸರ ಕೈಗೆ. ಅಡಿಕೆ ದುಡ್ಡು ಬರೋದು ವರ್ಷಕ್ಕೊಮ್ಮೆ, ಗಂಡಸರ ಕೈಗೆ, ಅದೂ ಮೊದಲೇ ತಗೊಂಡ ಸಾಲಕ್ಕೆ. ಮಳೆಗಾಲದಲ್ಲಿ ಬೆಲೆ ಬಿದ್ದರೆ ಹತ್ತು ಗಿಡದ ಹಣ್ಣನ್ನ ಉಪ್ಪು ಹಾಕಿ ಭರಣಿಗೆ ತುಂಬಬಹುದು. ನಾಲ್ಕು ಎಕರೆ ಹಣ್ಣನ್ನ ಯಾವ ಭರಣಿಗೆ ತುಂಬ್ತೀರ?

ತಕರಾರುಗಳು ನನಗೆ ಗೊತ್ತು. ‘ಮುಳ್ಳು ಸಾರ್, ಕೀಳೋರು ಸಿಗಲ್ಲ.’ ನೂರು ಗಿಡಕ್ಕೆ ಕೂಲಿಯೋರು ಬೇಕು, ಹತ್ತಕ್ಕೆ ಮನೇಲಿರೋರೇ ಸಾಕು. ಹಣ್ಣಾಗಿ ಉದುರಿದ್ದನ್ನ ಬೆಳಿಗ್ಗೆ ಆರಿಸಿಕೊಂಡರೂ ನಡೆಯುತ್ತೆ. ಮೇಲಾಗಿ ಆ ಮುಳ್ಳೇ ಅಲ್ವಾ ಬೇಲಿ? ‘ಕಜ್ಜಿ ಬರುತ್ತೆ.’ ಬರುತ್ತೆ. ಎಲೆ ಮೇಲೆ ರಂಗೋಲಿ ಹುಳು ಗೆರೆ ಎಳೆದ ಕಡೆ ಗಾಯ ಆಗಿ, ಅಲ್ಲಿಂದ ಕಜ್ಜಿಯ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ. ಮಳೆಗೆ ಮುಂಚೆ ರೋಗದ ರೆಂಬೆ ಕತ್ತರಿಸಿ ಸುಟ್ಟು, ತಾಮ್ರದ ಔಷಧಿ ಹೊಡೆದರೆ ಹತೋಟಿಗೆ ಬರುತ್ತೆ. ಒಂದೇ ಜಾತಿ ಗಿಡ ಎಕರೆಗಟ್ಟಲೆ ಒತ್ತಾಗಿದ್ದಾಗ ಅದು ಊರು ಸುಡೋ ಬೆಂಕಿ, ಬದುವಿನ ಮೇಲೆ ದೂರ ದೂರ ಇದ್ದಾಗ ಒಲೆಯ ಬೆಂಕಿ. ‘ಮುಳ್ಳಿನ ಗಿಡ ಮನೆ ಮುಂದೆ ಇರಬಾರದು, ವಾಸ್ತು.’ ಮನೆ ಮುಂದೆ ಬೇಡ, ಹಿಂದೆ ಹಾಕಿ! ಮನೇಲಿ ಗಿಡ ಇರಬಾರದು, ಹಣ್ಣು ಮಾತ್ರ ಬಾಗಿಲಿಗೆ ಕಟ್ಟಬೇಕು ಅನ್ನೋ ಈ ವಾಸ್ತು ಯಾವ ಹಣ್ಣಿನ ಮಂಡಿಯೋನು ಬರೆದಿದ್ದೋ ನಾ ಕಾಣೆ.

ಇನ್ನು ಇಲಾಖೆಯೋರಿಗೆ ಎರಡು ಮಾತು. ಮೊದಲನೇದು, ಮಾರೋ ಪ್ರತಿ ನಿಂಬೆ ಸಸಿಗೂ ತಳಿ, ತಾಯಿಮರ, ಬೇರಿನ ಗಿಡ ಯಾವುದು ಅಂತ ಚೀಟಿ ಕಟ್ಟೋದನ್ನ ಕಡ್ಡಾಯ ಮಾಡಿ. ರೋಗದ ಸಸಿ ಒಂದು ಸೀಮೆಯನ್ನೇ ಹೇಗೆ ನುಂಗುತ್ತೆ ಅಂತ ತಿಳ್ಕೋಬೇಕಾದ್ರೆ ಕೊಡಗಿನೋರನ್ನ ಕೇಳಿ. ಅಷ್ಟು ಹೆಸರಿದ್ದ ಕೊಡಗಿನ ಕಿತ್ತಳೆ ಬಡವಾದದ್ದರಲ್ಲಿ ಗ್ರೀನಿಂಗ್‌ನಂಥ ರೋಗಗಳ ಪಾಲು ದೊಡ್ಡದು.

ಎರಡನೇದು ನಮ್ಮ ಜಿಲ್ಲೆಯದೇ ಮಾತು. ಗುಬ್ಬಿ ತಾಲ್ಲೂಕಿನ ಚೇಳೂರಲ್ಲಿ ಸಿದ್ದಪ್ಪ ಅನ್ನೋರು ನೆಟ್ಟ ಒಂದು ಹಲಸಿನ ಮರ ಇತ್ತು, ಕೆಂಪು ತೊಳೆಯದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯೋರು, ಅವರ ಹಿರೇಹಳ್ಳಿ ಕೇಂದ್ರದೋರು ಅದನ್ನ ಗುರುತಿಸಿ, ಪರೀಕ್ಷೆ ಮಾಡಿ, 2017ರಲ್ಲಿ ಅವರ ಮಗ ಪರಮೇಶ್ ಜೊತೆ ಒಪ್ಪಂದ ಮಾಡಿಕೊಂಡು ‘ಸಿದ್ದು ಹಲಸು’ ಅಂತ ನಾಡಿಗೆಲ್ಲ ಹಂಚಿದ್ರು. ಒಂದೇ ಮರ! ನಮ್ಮ ಬದುಗಳ ಮೇಲೆ ಇನ್ನೂ ಉಳಿದಿರೋ ಹೇರಳೆ, ದೊಡ್ಲಿ, ಗಜನಿಂಬೆ, ಮಾದಲಗಳನ್ನ ಹೀಗೆ ಯಾರಾದ್ರೂ ನೋಡಿದ್ದಾರಾ? ಒಂದೂರಲ್ಲಿ ಹೇರಳೆ ಅನ್ನೋದನ್ನ ಪಕ್ಕದೂರಲ್ಲಿ ದೊಡ್ಲಿ ಅಂತಾರೆ. ಯಾವುದು ಯಾವುದು ಅಂತ ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಹೇರಳೆಕಾಯಿ ಚಿತ್ರಾನ್ನದ ರುಚಿ ಬಲ್ಲೋರಿಗೆ ಹೇಳಬೇಕಾಗಿಲ್ಲ, ಬಲ್ಲದೋರಿಗೆ ಹೇಳಿ ಪ್ರಯೋಜನ ಇಲ್ಲ. ಅಡಿಕೆ ಹಾಕೋಕೆ ಬದು ತೋಡುವಾಗ ಬೇರು ಸಮೇತ ಹೋಗ್ತಿರೋದು ಇಂಥ ಗಿಡಗಳು. ಹಿರೇಹಳ್ಳಿಯಿಂದ ಅಮೃತೂರೇನು ಅಮೆರಿಕ ಅಲ್ಲ. ಒಂದು ಜೀಪು, ಇಬ್ಬರು ವಿದ್ಯಾರ್ಥಿಗಳು, ಒಂದು ತಿಂಗಳು ಸಾಕು.

ಅವರು ಬರೋವರೆಗೆ ಕೈ ಕಟ್ಟಿ ಕೂರಬೇಕಾಗಿಲ್ಲ. ನಮ್ಮ ನಿಂಬೆಯ ದೊಡ್ಡ ಗುಣ ಏನು ಗೊತ್ತಾ? ಅದರ ಒಂದು ಬೀಜದಿಂದ ಎರಡು ಮೂರು ಮೊಳಕೆ ಬರುತ್ತೆ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ಮಾವಿನ ಹಾಗೆ ಕಸಿ ಕಟ್ಟಲೇಬೇಕು ಅಂತಿಲ್ಲ. ಟ್ರಿಸ್ಟೇಜಾ ಅನ್ನೋ ಕೆಟ್ಟ ವೈರಸ್ಸು ಬೀಜದ ದಾರೀಲಿ ಬರಲ್ಲ. ಊರಲ್ಲಿ ಯಾರ ಮನೆ ಗಿಡ ಗೊಂಚಲು ಗೊಂಚಲಾಗಿ ಬಿಡುತ್ತೆ, ಯಾರದ್ದು ರಸ ಜಾಸ್ತಿ ಅನ್ನೋದು ಹೆಂಗಸರಿಗೆ ಚೆನ್ನಾಗಿ ಗೊತ್ತಿರುತ್ತೆ. ಆ ಗಿಡದ ನಾಲ್ಕು ಹಣ್ಣು ಕೇಳಿ ತನ್ನಿ. ಚಿತ್ರಾನ್ನಕ್ಕೆ ಹಿಂಡಿದ ಮೇಲೆ ಬೀಜ ತೊಳೆದು, ಒಣಗೋಕೆ ಬಿಡದೆ, ಅವತ್ತೇ ಮಣ್ಣಿಗೆ ಹಾಕಿ. ಒಣಗಿದರೆ ಹುಟ್ಟಲ್ಲ. ವರ್ಷ ತುಂಬಿದ ಸಸೀನ ಮುಂಗಾರು ಹಿಡಿದಾಗ ಬದುವಿಗೆ ನೆಡಿ. ಗಿಡದಿಂದ ಗಿಡಕ್ಕೆ ಇಪ್ಪತ್ತು ಅಡಿ, ಬುಡದಲ್ಲಿ ನೀರು ನಿಲ್ಲಬಾರದು. ಇದಕ್ಕೆ ಅರ್ಜಿ ಬೇಡ, ಆಧಾರ್ ಬೇಡ, ಸಬ್ಸಿಡಿ ಬೇಡ, ಯಾರ ವಿಡಿಯೋನೂ ಬೇಡ.